ಅಪ್ಪೆಮಿಡಿ ಹೆಸರಿನ ಡೊಮೇನ್‌ಗೆ 45 ಸಾವಿರ ಕೊಡಬಹುದಾ?

ಸಾಗರದ ಹತ್ತಿರ ಮನೆಯಲ್ಲೇ ಮಿಡಿ ಉಪ್ಪಿನಕಾಯಿ ಹಾಕಿ ಮಾರ್ತೀವಿ, ಅಪ್ಪೆಮಿಡಿ ಅನ್ನೋ ಶಬ್ದವೇ ಇರೋ ಡಾಟ್ ಕಾಮ್ ಹೆಸರನ್ನ (ಡೊಮೇನ್, ಅಂದರೆ ವೆಬ್‌ಸೈಟ್ ವಿಳಾಸ) ಒಬ್ಬರು 45 ಸಾವಿರಕ್ಕೆ ಕೊಡ್ತೀನಿ ಅಂತಿದ್ದಾರೆ, ತಗೊಂಡರೆ ಗೂಗಲ್‌ನಲ್ಲಿ ತಾನಾಗೇ ಮೊದಲು ಬರುತ್ತಂತೆ, ಕೊಳ್ಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಆ ದುಡ್ಡು ಕೊಡಬೇಡಿ. ನಾನು ಶಿವಮೊಗ್ಗದಲ್ಲಿ ಹೋಂಸ್ಟೇಗಳಿಗೆ, ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡೋನು. ಈ ಮಾತು ನಂಬಿ ದುಡ್ಡು ಕಳಕೊಂಡವರನ್ನ ನೋಡಿದ್ದೀನಿ.

ಗೂಗಲ್ ವಿಷಯ ಒಂದು ಕಾಲಕ್ಕೆ ನಿಜವೇ ಆಗಿತ್ತು. ಜನ ಹುಡುಕೋ ಶಬ್ದವೇ ಹೆಸರಲ್ಲಿದ್ದರೆ ಒಳಗೆ ಏನೂ ಇಲ್ಲದ ಸೈಟೂ ಮೇಲೆ ಬರ್ತಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಅಂಥ ಕಳಪೆ ಸೈಟುಗಳನ್ನ ಕೆಳಗಿಳಿಸೋ ಹಾಗೆ ಲೆಕ್ಕಾಚಾರ ಬದಲಿಸಿತು. ಡೊಮೇನ್‌ನಲ್ಲಿರೋ ಕೀವರ್ಡ್‌ನಿಂದ, ಅಂದರೆ ಜನ ಹುಡುಕೋ ಶಬ್ದದಿಂದ, ರ‍್ಯಾಂಕಿಂಗ್‌ಗೆ ಹೇಳಿಕೊಳ್ಳುವಂಥ ಲಾಭ ಇಲ್ಲ ಅಂತ ಈಗ ಅವರ ಮಾರ್ಗದರ್ಶಿಯಲ್ಲೇ ಇದೆ.

ಹಾಗಂತ ಅಂಥ ಹೆಸರಿಗೆ ಬೆಲೆಯೇ ಇಲ್ಲ ಅಂತಲ್ಲ. ಬಾಟ್ಲಿಯ ಲೇಬಲ್ ಮೇಲೆ ಹೆಸರು ಓದಿದ ಕೂಡಲೇ ಏನು ಮಾರ್ತಾರೆ ಅಂತ ಗೊತ್ತಾಗುತ್ತೆ, ಅದು ದೊಡ್ಡದು. ಬಿಸಿನೆಸ್ ಡಾಟ್ ಕಾಮ್ 1999ರಲ್ಲಿ 75 ಲಕ್ಷ ಡಾಲರ್‌ಗೆ ಮಾರಾಟ ಆಗಿದ್ದೂ ನಿಜ. ಆದರೆ ಆ ಇಂಗ್ಲಿಷ್ ಶಬ್ದಕ್ಕೆ ಇರೋದು ಒಂದೇ ಸ್ಪೆಲ್ಲಿಂಗ್. ನಮ್ಮ ಶಬ್ದಗಳ ಕಥೆ ಬೇರೆ.

ಇಂಥದ್ದೇ ಹೆಸರಿನ ಸೈಟ್ ಇರೋ ಹೊಸನಗರ ಕಡೆಯ ಒಂದು ಮನೆಯಲ್ಲಿ ಕೂತಿದ್ದಾಗ ಬೆಂಗಳೂರಿಂದ ಯಾರೋ ಫೋನ್ ಮಾಡಿ ವೆಬ್‌ಸೈಟ್ ಯಾವುದು ಅಂತ ಕೇಳಿದರು. ಆ ಮನೆಯ ಅಮ್ಮ ಉಪ್ಪು ಮೆತ್ತಿದ ಕೈಯನ್ನ ದೂರ ಹಿಡಕೊಂಡು, ಸಿಗ್ನಲ್ ಸಿಗೋ ಜಗುಲಿಯ ಮೂಲೆಗೆ ಬಂದು ಹೇಳೋಕೆ ಶುರು ಮಾಡಿದರು: "ಎ, ಡಬಲ್ ಪಿ, ಇ... ಐ ಅಲ್ಲ, ಇ, ಎಲಿಫೆಂಟ್ ಇ... ಮಧ್ಯ ಜಾಗ ಬಿಡಬೇಡಿ..." ಮೂರು ಸಲ ಹೇಳಿ ಸಾಕಾಗಿ, "ವಾಟ್ಸಾಪ್ ಮಾಡ್ತೀನಿ ಇರಿ" ಅಂದರು. ಅಪ್ಪೆಯನ್ನ ಒಂದು ಪಿ ಹಾಕಿ ಬರೆಯೋರಿದ್ದಾರೆ, ಮಿಡಿಗೆ ಎಚ್ ಸೇರಿಸೋರಿದ್ದಾರೆ. ನಮ್ಮೂರನ್ನೇ ನೋಡಿ: 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಅಧಿಕೃತವಾಗಿ ಶಿವಮೊಗ್ಗ, ಆದರೂ ಶಿಮೊಗ ಅಂತ ಟೈಪ್ ಮಾಡೋರು ಇವತ್ತಿಗೂ ಇದ್ದಾರೆ. ನೀವು 45 ಸಾವಿರಕ್ಕೆ ಕೊಳ್ಳೋದು ನಾಲ್ಕೈದು ಸ್ಪೆಲ್ಲಿಂಗ್‌ಗಳಲ್ಲಿ ಒಂದನ್ನ ಮಾತ್ರ.

ಇನ್ನೊಂದು, ಅಪ್ಪೆಮಿಡಿಗೆ ಭೌಗೋಳಿಕ ಸೂಚಿ, ಅಂದರೆ ಈ ಪ್ರದೇಶದ ವಿಶೇಷ ಅನ್ನೋ ಮಾನ್ಯತೆ ಇದೆ, ಅದು ಒಬ್ಬರ ಸೊತ್ತಲ್ಲ. ಸರಕನ್ನೋ ಊರನ್ನೋ ಬರೀ ಹೇಳೋ ಶಬ್ದಕ್ಕೆ ಸಾಮಾನ್ಯವಾಗಿ ಟ್ರೇಡ್‌ಮಾರ್ಕೂ ಸಿಗಲ್ಲ. ಪಕ್ಕದ ಊರಿನವರು ನಾಳೆ ಅದೇ ಹೆಸರಿಗೆ ಒಂದು ಹೈಫನ್ ಸೇರಿಸಿ ಸೈಟ್ ತೆರೆದರೆ ತಡೆಯೋದು ಕಷ್ಟ. ಮುಂದೆ ನೀವೇ ಮುರುಗಲು, ಹಲಸಿನ ಹಪ್ಪಳ, ಜೇನುತುಪ್ಪ ಮಾರೋಕೆ ಹೊರಟರೆ ಆ ಹೆಸರೇ ಇಕ್ಕಟ್ಟಾಗುತ್ತೆ.

ನಾನಾಗಿದ್ದರೆ ನಿಮ್ಮ ಮನೆ ಹೆಸರನ್ನ ಮೊದಲಿಟ್ಟು, ಹಿಂದೆ 'ಪಿಕಲ್ಸ್' ಅಂತ ಸೇರಿಸ್ತೀನಿ. ಆ ಶಬ್ದವನ್ನ ತಪ್ಪು ಬರೆಯೋರು ಕಡಿಮೆ. ಡಾಟ್ ಇನ್, ಡಾಟ್ ಕಾಮ್ ಎರಡನ್ನೂ ಹೊಸದಾಗಿ ನೋಂದಾಯಿಸಿದರೆ ವರ್ಷಕ್ಕೆ ಒಂದೆರಡು ಸಾವಿರದೊಳಗೆ ಮುಗಿಯುತ್ತೆ. ಉಳಿದ ದುಡ್ಡಲ್ಲಿ ಒಳ್ಳೆ ಫೋಟೋ ತೆಗೆಸಿ. ಜೀರಿಗೆ ಮಿಡಿ ಅಂದರೇನು, ಎಷ್ಟು ತಿಂಗಳು ಉಪ್ಪಲ್ಲಿಟ್ಟಿರ್ತೀರಿ, ಕೊರಿಯರ್‌ನಲ್ಲಿ ಸೋರದ ಹಾಗೆ ಹೇಗೆ ಕಟ್ಟಿ ಕಳಿಸ್ತೀರಿ, ಇವನ್ನೆಲ್ಲ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಗೂಗಲ್‌ನಿಂದ ಜನ ಬರೋದು ಅದನ್ನ ಓದೋಕೆ.

ಒಂದು ವಿಷಯಕ್ಕೆ ಮಾತ್ರ ತುಂಬಾ ಹುಷಾರಾಗಿರಿ. ನಾನು ಈ ಕೆಲಸಕ್ಕೆ ಬರೋ ಮುಂಚೆ ನಮ್ಮ ಮನೆಯ ಹೋಂಸ್ಟೇಗೆ ಸೈಟ್ ಮಾಡಿಕೊಟ್ಟವರು ಡೊಮೇನನ್ನ ತಮ್ಮ ಹೆಸರಲ್ಲೇ ನೋಂದಾಯಿಸಿದ್ದರು. ಆಮೇಲೆ ಅವರು ಫೋನ್ ಎತ್ತಲಿಲ್ಲ, ರಿನ್ಯೂ ಮಾಡೋ ದಾರಿ ನಮಗಿರಲಿಲ್ಲ, ಬೋರ್ಡ್ ಮೇಲೆ, ಕಾರ್ಡ್ ಮೇಲೆ ಅಚ್ಚಾಗಿದ್ದ ಹೆಸರು ಕೈತಪ್ಪಿಹೋಯ್ತು. ಯಾರ ಕೈಲೇ ಮಾಡಿಸಿ, ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡೋ ಕಂಪನಿ) ಹತ್ತಿರದ ಖಾತೆ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲೇ ಇರಬೇಕು. ದುಡ್ಡು ಕಟ್ಟೋ ಮುಂಚೆ ಆ ಮೂರನ್ನೂ ನೀವೇ ಕಣ್ಣಾರೆ ನೋಡಿ.