ಓದುಗರ ಪ್ರಶ್ನೆ: ಎಲ್ಲ ಮಕ್ಕಳನ್ನೂ ಮುಟ್ಟುವ ಪಾಠ, ಅದನ್ನು ಕಲಿಸುವ ತರಬೇತಿ

ಪ್ರಶ್ನೆ: ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿದ್ದೇನೆ. ಅಂಗವಿಕಲ ಮಕ್ಕಳೂ ಸೇರಿದಂತೆ ಎಲ್ಲರಿಗೂ ಒಂದೇ ತರಗತಿಯಲ್ಲಿ ಕಲಿಸುವ ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಚೆನ್ನಾಗಿ ಅಂಕ ತೆಗೆಯುತ್ತಾರೆ. ಬೋಧನಾಭ್ಯಾಸಕ್ಕೆ ಹೋದಾಗ ಮಾತ್ರ ಮುಂದಿನ ಎರಡು ಬೆಂಚಿನವರಿಗೆ ಪಾಠ ಮಾಡಿ ಬರುತ್ತಾರೆ. ಕಲಿತದ್ದು ತರಗತಿಯಲ್ಲಿ ಕಾಣುವಂತೆ ಮಾಡುವುದು ಹೇಗೆ?

ಉತ್ತರ: ಆ ವಿಷಯ ಒಂದು ಪತ್ರಿಕೆಯೊಳಗೇ ಉಳಿದುಬಿಟ್ಟಿರುವುದು ಮುಖ್ಯ ಕಾರಣ. ಎಲ್ಲ ಮಕ್ಕಳಿಗೂ ಸಾಮಾನ್ಯ ಶಾಲೆಯಲ್ಲೇ ಕಲಿಸಬೇಕೆಂದ 1994ರ ಸಲಮಾಂಕಾ ಹೇಳಿಕೆ, 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಶಿಕ್ಷಣದ ಹಕ್ಕನ್ನು ಹೇಳುವ 24ನೇ ವಿಧಿ, ಇವನ್ನೆಲ್ಲ ತಪ್ಪಿಲ್ಲದೆ ಬರೆದವರೇ ಗಣಿತದ ಪಾಠ ಯೋಜನೆಗೆ ಕುಳಿತಾಗ ಮರೆಯುತ್ತಾರೆ. ಯೋಜನೆಯ ನಮೂನೆಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲವಲ್ಲ! ಹಾಗಾಗಿ ಮೊದಲು ನಮೂನೆ ಬದಲಾಯಿಸಿ. ಬೋಧನೋಪಕರಣದ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ‘ಈ ಹಂತದಲ್ಲಿ ಯಾರು ಹೊರಗುಳಿಯಬಹುದು? ಅವರಿಗೆ ದಾರಿ ಏನು?’ ಎಲ್ಲ ಹಂತಕ್ಕೂ ತುಂಬಿ ಎನ್ನಬೇಡಿ, ಎರಡನೇ ವಾರಕ್ಕೆ ನಕಲು ಶುರುವಾಗುತ್ತದೆ. ಪಾಠಕ್ಕೆ ಎರಡು ಹಂತ ಸಾಕು. ‘ನಿಧಾನಗತಿಯ ಮಕ್ಕಳಿಗೆ ವಿಶೇಷ ಗಮನ ಕೊಡುವುದು’ ಎಂದು ಬರೆದುಕೊಟ್ಟರೆ ವಾಪಸ್ ಕೊಡಿ, ಅದರಲ್ಲಿ ಮಾಡುವ ಕೆಲಸವೇ ಇಲ್ಲ. ಬೇಕಾದದ್ದು ಇಂಥ ಉತ್ತರ: ‘ಭಿನ್ನರಾಶಿಯ ಚಿತ್ರದಲ್ಲಿ ಒಂದು ಭಾಗ ಕೆಂಪು, ಇನ್ನೊಂದು ಹಸಿರು. ಬಣ್ಣಗುರುಡು ಇರುವ ಮಗುವಿಗೆ ಎರಡೂ ಒಂದೇ ಥರ ಕಾಣಬಹುದು. ಒಂದು ಭಾಗಕ್ಕೆ ಓರೆಗೆರೆ ಎಳೆಯುತ್ತೇನೆ.’

ಆಮೇಲೆ ಸೂಕ್ಷ್ಮ ಬೋಧನೆ, ಅಂದರೆ ಒಂದೊಂದೇ ಕೌಶಲವನ್ನು ಪುಟ್ಟ ಪಾಠದಲ್ಲಿ ಅಭ್ಯಾಸ ಮಾಡುವುದು. ಪಾಠ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಪಾಠ 6, ಮತ್ತೆ ಹಿಮ್ಮಾಹಿತಿ 6, ಹೀಗೆ 36 ನಿಮಿಷದ ಸುತ್ತು ನಿಮಗೆ ಗೊತ್ತಿದ್ದದ್ದೇ. ‘ಪ್ರಶ್ನೆ ಕೇಳುವ ಕೌಶಲ’ ಎಂಬ ಸುತ್ತಿನ ಜೊತೆಗೆ ‘ಪ್ರಶ್ನೆ ಕೇಳಿ ಕಾಯುವ ಕೌಶಲ’ ಎಂದೇ ಪ್ರತ್ಯೇಕ ಸುತ್ತು ಇಡಿ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ 1 ಸೆಕೆಂಡ್ ಮಾತ್ರ ಕಾಯುತ್ತಾರೆ, ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಜಾಣರೆಂದು ಹೆಸರಾದವರಿಗೆ ಶಿಕ್ಷಕರು ಹೆಚ್ಚು ಹೊತ್ತು ಕಾಯುತ್ತಾರೆ, ಹಿಂದುಳಿದವರೆನಿಸಿಕೊಂಡವರಿಗೆ ಕಡಿಮೆ ಎಂಬುದನ್ನೂ ಅವರು ಗಮನಿಸಿದ್ದರು. ನನ್ನ ಮಟ್ಟಿಗೆ ಇಡೀ ಸಮನ್ವಯ ಶಿಕ್ಷಣದಲ್ಲಿ ಇಷ್ಟು ಸುಲಭವಾಗಿ ತಿದ್ದಬಹುದಾದ ಅನ್ಯಾಯ ಇನ್ನೊಂದಿಲ್ಲ.

ಇನ್ನು ಪಾಠ ವೀಕ್ಷಣೆ. ಮೇಲ್ವಿಚಾರಕರು ತರಗತಿಯ ಆಸನಗಳ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಯಾರಿಗೆ ಪ್ರಶ್ನೆ ಹೋಯಿತೋ ಆ ಮನೆಯಲ್ಲಿ ಒಂದು ಗೀಟು. ಕೈ ಎತ್ತಿಯೂ ಅವಕಾಶ ಸಿಗದವರಿಗೆ ಒಂದು ಸೊನ್ನೆ. ಪಾಠ ಮುಗಿದ ಮೇಲೆ ಟೀಕೆ ಮಾಡದೆ ಹಾಳೆ ಕೈಗಿಡಿ, ಯಾವ ಮನೆ ಖಾಲಿ ಇದೆ ಎಂದು ಅವರೇ ಓದಿ ಹೇಳಲಿ. ಗೀಟುಗಳು ಮುಂದೆ ಮತ್ತು ನಡುವೆ ಗುಂಪುಗೂಡಿರುವುದು ಥಟ್ಟನೆ ಕಾಣುತ್ತದೆ.

ಅಂಕಪಟ್ಟಿಯನ್ನೂ ಒಮ್ಮೆ ನೋಡಿ. ಮೇಲ್ವಿಚಾರಕರು ಕುಳಿತಿರುವಾಗ ತಪ್ಪು ಉತ್ತರ ಬಂದರೆ, ತರಗತಿ ಮೌನವಾದರೆ ಅಂಕ ಹೋಗುತ್ತದೆ ಎಂಬ ಭಯಕ್ಕೇ ಪ್ರಶಿಕ್ಷಣಾರ್ಥಿ ಗೊತ್ತಿರುವವರನ್ನೇ ಎಬ್ಬಿಸುವುದು. ಪಾಠ ಎಲ್ಲೂ ಎಡವದೆ ಸಾಗಿದ್ದಕ್ಕೆ ಅಂಕ ಕೊಟ್ಟು, ಎಲ್ಲರನ್ನೂ ಮಾತಾಡಿಸಿ ಎಂದರೆ ಅವರು ಅಂಕದ ಕಡೆಗೇ ವಾಲುತ್ತಾರೆ. ತಪ್ಪು ಉತ್ತರವನ್ನು ಹಿಡಿದು ಮಗುವನ್ನು ಮುಂದಕ್ಕೆ ಕರೆದೊಯ್ದದ್ದಕ್ಕೆ ಅಂಕ ಇಡಿ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಬೋಧನಾಭ್ಯಾಸ. ಕೊಟ್ಟಿರುವ 6ನೇ ತರಗತಿಯಲ್ಲಿ ಹಿಯರಿಂಗ್ ಏಡ್ ಹಾಕಿಕೊಳ್ಳುವ ಹುಡುಗಿ ಇದ್ದಾಳೆ. ನನಗೆ ಸನ್ನೆ ಭಾಷೆ ಬಾರದು. ಹೇಗೆ ಸಿದ್ಧವಾಗಲಿ?

ಉತ್ತರ: ಮೊದಲು ತರಗತಿ ಶಿಕ್ಷಕರನ್ನು, ಆಮೇಲೆ ಆ ಹುಡುಗಿಯನ್ನೇ ವಿಚಾರಿಸಿ. ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಎಲ್ಲಿ ಕುಳಿತರೆ ಅನುಕೂಲ, ಸನ್ನೆ ಭಾಷೆ ಬಳಸುತ್ತಾಳೋ ಹೇಗೆ. ಇದನ್ನು ಎಲ್ಲರೆದುರು ಕೇಳಬೇಡಿ. ಸನ್ನೆ ಭಾಷೆಯೇ ಅವಳ ಭಾಷೆಯಾಗಿದ್ದರೆ ಮುಂದೆ ಹೇಳುವ ಯಾವುದೂ ಅದಕ್ಕೆ ಬದಲಿಯಲ್ಲ, ಬಲ್ಲವರೊಬ್ಬರು ತರಗತಿಯಲ್ಲಿ ಇರಬೇಕೆಂದು ಮುಖ್ಯೋಪಾಧ್ಯಾಯರನ್ನು ಈಗಲೇ ಕೇಳಿಕೊಳ್ಳಿ.

ಕನ್ನಡಕ ಹಾಕಿಕೊಂಡರೆ ಅಕ್ಷರ ಸ್ಪಷ್ಟವಾದ ಹಾಗೆ ಹಿಯರಿಂಗ್ ಏಡ್‌ನಿಂದ ಮಾತು ಸ್ಪಷ್ಟವಾಗುತ್ತದೆ ಎಂದುಕೊಳ್ಳಬೇಡಿ. ನಿಮ್ಮ ದನಿಯ ಜೊತೆಗೆ ಅದು ಫ್ಯಾನಿನ ಗರಗರವನ್ನೂ ಬೆಂಚು ಎಳೆದ ಸದ್ದನ್ನೂ ದೊಡ್ಡದು ಮಾಡುತ್ತದೆ. ಮಾತಾಡುವವರು ಒಂದೆರಡು ಮೀಟರ್ ಒಳಗಿದ್ದರೆ ಮಾತು ಚೆನ್ನಾಗಿ ದಕ್ಕುತ್ತದೆ, ದೂರ ಹೋದಷ್ಟೂ ಗದ್ದಲದಲ್ಲಿ ಕರಗುತ್ತದೆ. ಸದ್ದು ಬರುವ ಕಡೆಯ ಕಿಟಕಿ, ಬಾಗಿಲು ಮುಚ್ಚಿಸಿ.

ನಿಮ್ಮ ಮುಖದ ಮೇಲೆ ಬೆಳಕು ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ. ಹಲಗೆಯ ಮೇಲೆ ಬರೆಯಿರಿ, ತಿರುಗಿ, ಆಮೇಲೆ ಮಾತಾಡಿ. ಬರೆಯುತ್ತಲೇ ಮಾತಾಡುವುದು ಹೊಸ ಶಿಕ್ಷಕರೆಲ್ಲರ ಚಾಳಿ, ಅಷ್ಟು ಹೊತ್ತೂ ಅವಳಿಗೆ ಪಾಠ ನಿಂತಿರುತ್ತದೆ. ತುಟಿ ನೋಡಿ ಎಲ್ಲವನ್ನೂ ಹಿಡಿಯಲೂ ಆಗದು. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ‘ಬಳೆ’ಯೋ ‘ಮಳೆ’ಯೋ ಕನ್ನಡಿಯ ಮುಂದೆ ದನಿಯಿಲ್ಲದೆ ಹೇಳಿ ನೋಡಿ. ಅದಕ್ಕೇ ಪಾಠದ ಹೊಸ ಪದಗಳು ಮೊದಲೇ ಹಲಗೆಯ ಮೇಲಿರಲಿ. ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಕೂಗಿ ಹೇಳಬೇಡಿ, ಕೂಗಿದಾಗ ಬಾಯಿಯ ಆಕಾರವೇ ಕೆಡುತ್ತದೆ. ಬೇರೆ ಮಾತಿನಲ್ಲಿ ಹೇಳಿ. ಹಿಂದಿನ ಬೆಂಚಿನಿಂದ ಉತ್ತರ ಬಂದರೆ ಯಾರು ಹೇಳಿದರೆಂದು ಹೆಸರಿಸಿ, ಅದನ್ನು ನೀವೊಮ್ಮೆ ಹೇಳಿ.

ಉಕ್ತಲೇಖನದಲ್ಲಿ ಅವಳು ನಿಮ್ಮ ತುಟಿ ನೋಡಬೇಕೋ ಪುಸ್ತಕ ನೋಡಬೇಕೋ? ಒಂದು ವಾಕ್ಯ ಹೇಳಿ, ಅವಳು ಬರೆದು ತಲೆ ಎತ್ತುವವರೆಗೆ ಕಾಯಿರಿ. ‘ಅರ್ಥ ಆಯ್ತಾ?’ ಎಂದರೆ ಬಹುಪಾಲು ಮಕ್ಕಳು ತಲೆಯಾಡಿಸಿಬಿಡುತ್ತಾರೆ, ‘ಈಗ ಮೊದಲು ಏನು ಮಾಡ್ತೀಯ?’ ಎಂದು ಕೇಳಿ.

ಪ್ರಶ್ನೆ: ಪ್ರಶಿಕ್ಷಣಾರ್ಥಿಗಳಿಗೆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದರೆ ಅಂಗವೈಕಲ್ಯದ ಅನುಭವ ಆಗುತ್ತದೆ ಎನ್ನುತ್ತಾರೆ. ಮಾಡಿಸಬಹುದೇ?

ಉತ್ತರ: ಬೇಡ. ಆ ಹತ್ತು ನಿಮಿಷದಲ್ಲಿ ಸಿಗುವುದು ಈಗಷ್ಟೇ ದೃಷ್ಟಿ ಕಳೆದುಕೊಂಡವರ ಗಾಬರಿ. ವರ್ಷಗಟ್ಟಲೆ ಬಿಳಿಕೋಲು, ಬ್ರೈಲ್, ಕಿವಿ ಬಳಸಿ ಪಳಗಿದವರ ಸಾಮರ್ಥ್ಯ ಅದರಲ್ಲಿ ಕಾಣುವುದೇ ಇಲ್ಲ. ಉಳಿಯುವುದು ಅಯ್ಯೋ ಪಾಪ ಎಂಬ ಭಾವ ಮಾತ್ರ. ಆ ಹೊತ್ತನ್ನು ಒಂದು ಪಠ್ಯಪುಸ್ತಕದ ಚಿತ್ರವನ್ನು ನೋಡಲಾಗದವರಿಗೆ ನಾಲ್ಕು ವಾಕ್ಯದಲ್ಲಿ ವಿವರಿಸುವ ಅಭ್ಯಾಸಕ್ಕೆ ಕೊಡಿ.

ಪ್ರಶ್ನೆ: ಮನೆಭಾಷೆ ಬೇರೆ ಇರುವ ಕೆಲವು ಮಕ್ಕಳು ಮೈದಾನದಲ್ಲಿ ಶಾಲೆಯ ಭಾಷೆಯನ್ನು ಪಟಪಟ ಮಾತಾಡುತ್ತಾರೆ, ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಡುತ್ತಾರೆ. ಇದು ಸೋಮಾರಿತನವಲ್ಲವೇ?

ಉತ್ತರ: ಅಲ್ಲ. ಮಾತುಕತೆಯ ಭಾಷೆ ಬೇರೆ, ಪಾಠದ ಭಾಷೆ ಬೇರೆ ಎಂದು ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಲ್ಲಿ ವಿಂಗಡಿಸಿದರು. ಹೊಸ ಭಾಷೆಯಲ್ಲಿ ಸರಾಗ ಮಾತು ಸುಮಾರು 2 ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆ ಓರಗೆಯವರ ಮಟ್ಟಕ್ಕೆ ಬರಲು 5ರಿಂದ 7 ವರ್ಷ ಬೇಕಾಗಬಹುದು. ‘ಬಾಷ್ಪೀಭವನ’ದಂಥ ಪದ ಎಲ್ಲರಿಗೂ ಹೊಸದು, ಅದನ್ನು ನೀವು ಹೇಗೂ ವಿವರಿಸುತ್ತೀರಿ. ಈ ಮಕ್ಕಳು ಎಡವುವುದು ‘ಹೊರತುಪಡಿಸಿ’, ‘ಕ್ರಮವಾಗಿ’, ‘ಅನುಗುಣವಾಗಿ’ ಎಂಬ ಪದಗಳಲ್ಲಿ. ಅವನ್ನು ಯಾರೂ ವಿವರಿಸುವುದಿಲ್ಲ, ಪ್ರಶ್ನೆಯ ಅರ್ಥವೆಲ್ಲ ಅಲ್ಲೇ ಇರುತ್ತದೆ. ಪಾಠಕ್ಕೆ ಮುಂಚೆ ಇಂಥ ಆರೆಂಟು ಪದ ಗುರುತಿಸಿ, ಉದಾಹರಣೆ ಸಮೇತ ಗೋಡೆಗೆ ಹಾಕಿ. ಗುಂಪಿನ ಚರ್ಚೆ ಮನೆಭಾಷೆಯಲ್ಲಿ ನಡೆಯಲಿ, ಕೊನೆಗೆ ವರದಿ ಮಾತ್ರ ಶಾಲೆಯ ಭಾಷೆಯಲ್ಲಿರಲಿ. ಎರಡೂ ಭಾಷೆ ಬಲ್ಲ ಒಂದೇ ಮಗುವನ್ನು ದಿನವೂ ದುಭಾಷಿ ಮಾಡಬೇಡಿ, ಅದರ ಓದು ಹಾಳಾಗುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿಗೆ ಈ ಸಲ ಕಣ್ಣು ಕಾಣದ ಪ್ರಶಿಕ್ಷಣಾರ್ಥಿಯೊಬ್ಬರು ಸೇರಿದ್ದಾರೆ. ಪಾಠ ಮೌಲ್ಯಮಾಪನದಲ್ಲಿ ‘ಕಪ್ಪುಹಲಗೆ ಬರಹ’ಕ್ಕೆ ಅಂಕ ಇದೆ. ಅದನ್ನು ಕೈಬಿಡಬೇಕೇ, ಸರಾಸರಿ ಅಂಕ ಕೊಡಬೇಕೇ?

ಉತ್ತರ: ಎರಡೂ ಬೇಡ. ಕೈಬಿಟ್ಟರೆ ಅವರು ಒಂದು ಕೌಶಲ ಕಲಿಯದೆ ಹೊರಬೀಳುತ್ತಾರೆ, ಸರಾಸರಿ ಕೊಟ್ಟರೆ ಅದು ದಯೆಯ ಅಂಕ. ಹಲಗೆ ಬರಹ ಯಾಕೆ ಬೇಕು? ಪಾಠದ ಮುಖ್ಯಾಂಶ ಮಕ್ಕಳ ಕಣ್ಣೆದುರು ಕ್ರಮವಾಗಿ ಉಳಿಯಲು. ಆ ಗುರಿಯನ್ನೇ ಅಳೆಯಿರಿ. ಮೊದಲೇ ಮಾಡಿಟ್ಟ ಪಟ್ಟಿ, ಪ್ರೊಜೆಕ್ಟರ್, ಅವರು ಹೇಳಿದಂತೆ ಮಕ್ಕಳು ಸರದಿಯಲ್ಲಿ ಹಲಗೆಯ ಮೇಲೆ ಬರೆಯುವುದು, ಯಾವುದಾದರೂ ಆಗಬಹುದು. ಈ ಬದಲಾವಣೆಯನ್ನು ಮೊದಲ ಪಾಠಕ್ಕೆ ಮುಂಚೆ ಲಿಖಿತವಾಗಿ ಎಲ್ಲ ಮೇಲ್ವಿಚಾರಕರಿಗೂ ಕಳುಹಿಸಿ, ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಥರ ಅಂಕ ಹಾಕುತ್ತಾರೆ.

ಶಾಲೆಗೆ ಒಂದು ದಿನ ಮುಂಚೆ, ಮಕ್ಕಳಿಲ್ಲದ ಹೊತ್ತಿನಲ್ಲಿ ಕರೆದೊಯ್ದು ಬಾಗಿಲು, ಹಲಗೆ, ಬೆಂಚಿನ ಸಾಲು ಪರಿಚಯ ಮಾಡಿಸಿ. ಆಮೇಲೆ ಬೆಂಚು ಜರುಗಿಸಬಾರದು. ಕೈ ಎತ್ತುವ ಬದಲು ಮಕ್ಕಳು ಹೆಸರು ಹೇಳಿ ಮಾತು ಶುರುಮಾಡುವ ರೂಢಿಯನ್ನು ಮೊದಲ ದಿನವೇ ಹಾಕಿಕೊಡಲಿ.

ಓದುವ ಸಾಮಗ್ರಿಯ ವಿಷಯದಲ್ಲಿ ಆಗುವ ತೊಡಕು ಹೊರಗೆ ಕಾಣುವುದಿಲ್ಲ. ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ ಪಿಡಿಎಫ್ ಬರೀ ಚಿತ್ರ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ಹಾಗೇ ಓದಲಾರದು. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟಿನಲ್ಲಿ ಟೈಪಾದ ಟಿಪ್ಪಣಿ ಪರದೆಯ ಮೇಲೆ ಮುದ್ದಾಗಿ ಕಾಣುತ್ತದೆ, ಕಿವಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬೀಳುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ಕಳಿಸಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು, ಹಾಗಾಗಿ ಕಳಿಸುವ ಮುಂಚೆ ಒಮ್ಮೆ ಓದಿ ತಿದ್ದಿ. ಕೋಷ್ಟಕವಿದ್ದರೆ ಒಂದೊಂದು ಸಾಲಿನಲ್ಲಿ ಏನಿದೆ ಎಂದು ವಾಕ್ಯದಲ್ಲಿ ಬರೆಯಿರಿ, ಮತ್ತು ಎಲ್ಲವೂ ತರಗತಿಗೆ ಒಂದು ವಾರ ಮೊದಲೇ ಅವರ ಕೈಸೇರಲಿ.