ಮಗು ಅಜ್ಜಿಯನ್ನು ಹಚ್ಚಿಕೊಂಡರೆ ಅಮ್ಮನನ್ನು ಮರೆಯುತ್ತದಾ?

ಶಿವಮೊಗ್ಗದಲ್ಲಿ ಕೆಲಸ ಮುಗಿಸಿ ಸಂಜೆ ಮನೆಗೆ ಬಂದರೆ ಎಂಟು ತಿಂಗಳ ಮಗಳು ಅಜ್ಜಿ ಸೊಂಟ ಬಿಟ್ಟು ಬರಲ್ಲ, ನನ್ನನ್ನು ಮರೆತಳಾ ಅಂತ ಕೇಳಿದ್ದೀರಿ. ಇಲ್ಲ ಅಕ್ಕ. ಈ ವಯಸ್ಸಿಗೆ ತಮ್ಮವರು ಯಾರು, ಹೊರಗಿನವರು ಯಾರು ಅಂತ ಮಕ್ಕಳಿಗೆ ಗೊತ್ತಾಗುತ್ತದೆ, ಅದಕ್ಕೇ ಅಂಟಿಕೊಳ್ಳುವುದು ಜಾಸ್ತಿ. ಹಾಗಂತ ನಂಟು ಒಬ್ಬರಿಗೇ ಮೀಸಲಲ್ಲ. ಶಾಫರ್ ಮತ್ತು ಎಮರ್ಸನ್ ಅನ್ನುವ ಸಂಶೋಧಕರು ಸ್ಕಾಟ್ಲೆಂಡಿನ ಗ್ಲಾಸ್ಗೋದ 60 ಮಕ್ಕಳನ್ನು ಗಮನಿಸಿ 1964ರಲ್ಲಿ ಬರೆದಿದ್ದಾರೆ: ಒಂದೂವರೆ ವರ್ಷಕ್ಕೆ ಹೆಚ್ಚಿನವು ಒಬ್ಬರಿಗಿಂತ ಜಾಸ್ತಿ ಜನರನ್ನು ಹಚ್ಚಿಕೊಂಡಿದ್ದವು, ಅದೂ ಬರೀ ಉಣಿಸಿದವರನ್ನಲ್ಲ, ಅತ್ತಾಗ ಬೇಗ ಓಗೊಟ್ಟು ಆಡಿಸಿದವರನ್ನು. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲಿನಲ್ಲಿ ಮಗು ಯಾರ ತೊಡೆ ಮೇಲಿದೆ ಅಂತಲೇ ಗೊತ್ತಾಗಲ್ಲ, ಅಲ್ವಾ?

ಬಂದ ಕೂಡಲೇ ಅಜ್ಜಿ ಕೈಯಿಂದ ಎಳೆದುಕೊಳ್ಳಬೇಡಿ. ಸುಮ್ನೆ ಪಕ್ಕದಲ್ಲಿ ಕೂತು ಮಾತಾಡಿಸಿ, ಅವಳೇ ಕೈ ಚಾಚಲಿ. ರಾತ್ರಿ ಮೊಬೈಲ್ ಆಚೆ ಇಟ್ಟು ಮಲಗಿಸುವುದು ನೀವೇ ಮಾಡಿ.