ಎಡಗಡೆ ಬಟನ್‌ನ ಕಡ್ಡಿ

ಅವರು ಪೀಣ್ಯದಲ್ಲಿ ಲೋಹದ ತಗಡನ್ನು ಯಂತ್ರದಿಂದ ಒತ್ತಿ ಬಿಡಿಭಾಗ ಮಾಡುವ ಒಂದು ಪ್ರೆಸ್ ಶಾಪಿನಲ್ಲಿ ಶಿಫ್ಟ್ ಸೂಪರ್‌ವೈಸರ್. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಕೌನ್ಸೆಲಿಂಗ್‌ಗೆಂದು ನನ್ನ ಬಳಿ ಕರೆದುಕೊಂಡು ಬಂದದ್ದು ಹೆಂಡತಿ. "ರಾತ್ರಿ ನಾಲ್ಕು ಸಲ ಎದ್ದು ಗ್ಯಾಸ್ ನಾಬ್ ನೋಡ್ತಾರೆ ಮೇಡಂ. ಮಗು ಕತ್ತರಿ ಹಿಡಿದ್ರೆ ಕಿರುಚ್ತಾರೆ" ಎಂದರು. ಇವರು ನೆಲ ನೋಡುತ್ತಾ ಕೂತಿದ್ದರು.

ವಿಷಯ ಬಾಯಿಗೆ ಬಂದದ್ದು ಎರಡನೇ ಭೇಟಿಯಲ್ಲಿ. ಎರಡು ತಿಂಗಳ ಹಿಂದೆ ಪವರ್ ಪ್ರೆಸ್‌ಗೆ ಸಿಕ್ಕಿ ಹುಡುಗನೊಬ್ಬನ ಎರಡು ಬೆರಳು ಹೋಗಿದ್ದವು. ಹಳೇ ಮಷೀನು. ಅದಕ್ಕೆ ಎರಡು ಬಟನ್. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಆಗ ಕೈ ಡೈ (ತಗಡು ಒತ್ತುವ ಅಚ್ಚು) ಒಳಗೆ ಇರುವ ಹಾಗೇ ಇಲ್ಲ. ಆದರೆ ಎಡಗಡೆ ಬಟನ್ ಸಂದಿಗೆ ಐಸ್‌ಕ್ರೀಂ ಕಡ್ಡಿ ತುರುಕಿ ಟೇಪ್ ಸುತ್ತಿದ್ದರು. ಒಂದು ಕೈ ಬಿಡುವಾದರೆ ಪೀಸ್ ಜಾಸ್ತಿ ಬರುತ್ತದೆ, ಅಲ್ವಾ?

"ಅವತ್ತು ಬೆಳಿಗ್ಗೆ ಚೆಕ್‌ಲಿಸ್ಟ್‌ಗೆ ಟಿಕ್ ಹಾಕಿದ್ದು ನಾನೇ ಮೇಡಂ. ಟೀ ಕುಡೀತಾ, ಕೂತಲ್ಲೇ, ಮೇಲಿಂದ ಕೆಳಗೆ."

ಕಡ್ಡಿ ಇದ್ದದ್ದು ಗೊತ್ತಿತ್ತಾ ಎಂದು ಕೇಳಿದೆ. ತುಂಬ ಹೊತ್ತು ಬಿಟ್ಟು "ಗೊತ್ತಿತ್ತು" ಎಂದರು.

"ನಿಮ್ಮ ತಪ್ಪೇನಿಲ್ಲ ಬಿಡಿ" ಅಂದುಬಿಡುವುದು ಸುಲಭ. ನಾನು ಅನ್ನಲಿಲ್ಲ. ಅಂದಿದ್ದರೆ ಅವರು ನಂಬುತ್ತಲೂ ಇರಲಿಲ್ಲ. ಒಂದು ಹಾಳೆ ಕೊಟ್ಟು, ಯಾರ ಪಾಲು ಎಷ್ಟು ಬರೆಯಿರಿ ಎಂದೆ. ಮೊದಲು ಪೂರ್ತಿ ತಮ್ಮ ಹೆಸರನ್ನೇ ಬರೆದರು. ಟಾರ್ಗೆಟ್ ಏರಿಸಿದವರು ಯಾರು, ಕಡ್ಡಿ ಕಂಡೂ ದಾಟಿ ಹೋದವರು ಇನ್ಯಾರು ಎಂದು ಕೆದಕಿದ ಮೇಲೆ ಹೆಸರುಗಳು ಬಂದವು. ಯಂತ್ರದ ಅಪಾಯದ ಭಾಗಕ್ಕೆ ತಡೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಮಾಲೀಕರ ತಲೆಗೆ ಕಟ್ಟಿತ್ತು. ಇವರ ಪಾಲು ಉಳಿಯಿತು, ಆದರೆ ಹೊರುವಷ್ಟಾಯಿತು.

ಮೊದಲ ಸಲಹೆ: ಹುಡುಗನನ್ನು ನೋಡಿ ಬನ್ನಿ. ಕ್ಷಮೆ ಕೇಳಿ ಹಗುರಾಗಲು ಅಲ್ಲ. ಅಪಘಾತದ ವರದಿ ಇಎಸ್‌ಐಗೆ ಹೋಗಿದೆಯಾ, ಮೆಡಿಕಲ್ ಬೋರ್ಡ್ ಮುಂದೆ ಹಾಜರಾಗಬೇಕೆಂದು ಅವನಿಗೆ ಗೊತ್ತಾ, ವಿಚಾರಿಸಿ. ಬೆರಳು ಹೋದದ್ದಕ್ಕೆ ತಿಂಗಳ ಹಣ ಎಷ್ಟು ಎಂಬುದು ಅಲ್ಲಿಂದಲೇ ಶುರು.

ಎರಡನೆಯದು ತಪಾಸಣೆ. ಬೆಳಿಗ್ಗೆ ಮಷೀನ್ ನಿಂತಿರುವಾಗ ಎಲ್ಲವೂ ಸರಿಯಾಗೇ ಕಾಣುತ್ತದೆ. ಶಿಫ್ಟ್ ಮುಗಿಯುವ ಹೊತ್ತಿಗೆ, ಟಾರ್ಗೆಟ್ ಕುತ್ತಿಗೆಗೆ ಬಂದಾಗ ಹೋಗಿ. ಒಂದೊಂದು ಮಷೀನ್ ಪಕ್ಕ ಐದು ನಿಮಿಷ ಸುಮ್ನೆ ನಿಂತು ಕೈಗಳನ್ನು ನೋಡಿ. "ಯಾಕೆ ಹೀಗೆ ಮಾಡಿದೆ?" ಎಂದು ಗದರಬೇಡಿ. "ಇಲ್ಲಿ ಯಾವುದು ಅಡ್ಡ ಬರುತ್ತೆ?" ಎಂದು ಕೇಳಿ. ಕಂಡದ್ದನ್ನು ತಾರೀಖು ಹಾಕಿ ಬರೆದು ಮೇಲಿನವರಿಗೆ ಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಿ.

ಗ್ಯಾಸ್ ನಾಬ್ ಮಲಗುವ ಮುಂಚೆ ಒಂದೇ ಸಲ. ಮತ್ತೆ ಏಳಬೇಕು ಅನಿಸಿದರೆ ಹತ್ತು ನಿಮಿಷ ತಡೆಯಿರಿ. ನಿದ್ದೆಗಾಗಿ ಮನೋವೈದ್ಯರ ಬಳಿಗೂ ಕಳಿಸಿದೆ. ನಡುರಾತ್ರಿ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಿದೆ.

ನಾಲ್ಕನೇ ಭೇಟಿಗೆ ಒಂದು ಪ್ಲಾಸ್ಟಿಕ್ ಕವರ್ ತಂದು ಟೇಬಲ್ ಮೇಲೆ ಸುರಿದರು. ಮೂರು ಕಡ್ಡಿ, ಮಡಚಿದ ರಟ್ಟು, ಎರಡು ರೂಪಾಯಿಯ ಒಂದು ನಾಣ್ಯ. ಎಲ್ಲವೂ ಬಟನ್‌ಗಳ ಸಂದಿಯಿಂದ ಕಿತ್ತದ್ದು. ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡಿದ್ದಾರಂತೆ. ನಿದ್ದೆ ಈಗ ಐದು ಗಂಟೆ ಬರುತ್ತಿದೆ.